‘ಎಲ್ಲ ಭಾಗಗಳೂ’ ಅಂತ ಮಾರಿದ ಪ್ಯಾಕ್‌ನಲ್ಲಿ ಮೊದಲ ಭಾಗಗಳೇ ಇಲ್ಲ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಹಾಲಿವುಡ್ ಗೆಳೆಯರ ಕಾಮಿಡಿ ಪ್ಯಾಕ್‌ನ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಾನು ನಿಮ್ಮ ಆ್ಯಪ್‌ನ ಹಳೇ ಚಂದಾದಾರ. ಕಳೆದ ತಿಂಗಳು ಮಾಮೂಲಿ ಚಂದಾ ಅಲ್ಲದೆ 349 ರೂಪಾಯಿ ಜಾಸ್ತಿ ಕೊಟ್ಟು ಈ ಪ್ಯಾಕ್ ತೆಗೆದುಕೊಂಡೆ. ‘ಎಲ್ಲ ಭಾಗಗಳೂ ಒಂದೇ ಕಡೆ’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದಿರಿ. ತೆರೆದು ನೋಡಿದರೆ ‘ಗ್ರೋನ್ ಅಪ್ಸ್ 2’ ಇದೆ, ಮೊದಲನೆಯದು ಇಲ್ಲ. ‘ಸಿಟಿ ಸ್ಲಿಕರ್ಸ್’ದೂ ಅದೇ ಕಥೆ. ‘ಹ್ಯಾಂಗೋವರ್’ನ ಎರಡು, ಮೂರು ಇವೆ, ಒಂದು ಮಾತ್ರ ನಾಪತ್ತೆ. ಪೂರ್ತಿ ಸಿಕ್ಕಿದ್ದು ‘ಬ್ರೈಡ್ಸ್‌ಮೇಡ್ಸ್’ ಒಂದೇ. ಅದಕ್ಕೆ ಎರಡನೇ ಭಾಗವನ್ನು ಯಾರೂ ತೆಗೆದೇ ಇಲ್ಲವಲ್ಲ!

ನಿಮ್ಮ ಸಹಾಯವಾಣಿಗೆ ಬರೆದೆ. ‘ಪ್ರತಿಯೊಂದೂ ಸ್ವತಂತ್ರ ಕಥೆ, ಯಾವ ಭಾಗದಿಂದ ಬೇಕಾದರೂ ನೋಡಬಹುದು’ ಎಂಬ ಉತ್ತರ ಬಂತು. ಸಿಟ್ಟು ಬಂದದ್ದು ಆಗಲೇ. ಉತ್ತರ ಬರೆದವರು ಈ ಸಿನಿಮಾಗಳನ್ನು ನೋಡಿಲ್ಲ ಅನ್ನುವುದು ಸ್ಪಷ್ಟ.

ಪತ್ತೇದಾರಿ ಸಿನಿಮಾ ಆಗಿದ್ದರೆ ಆ ಮಾತು ನಡೆಯುತ್ತಿತ್ತೇನೋ. ಅಲ್ಲಿ ಪ್ರತಿ ಸಲ ಹೊಸ ಕೇಸು. ಗೆಳೆಯರ ಕಾಮಿಡಿ ಹಾಗಲ್ಲ. 2010ರ ‘ಗ್ರೋನ್ ಅಪ್ಸ್’ನಲ್ಲಿ ಬಾಸ್ಕೆಟ್‌ಬಾಲ್ ಕೋಚ್ ತೀರಿಕೊಳ್ಳುತ್ತಾರೆ. 1978ರಲ್ಲಿ ಅವರ ಕೈಕೆಳಗೆ ಆಡಿ ಗೆದ್ದಿದ್ದ ಐದು ಹುಡುಗರು ನಡುವಯಸ್ಸಿನಲ್ಲಿ ಮತ್ತೆ ಸೇರುತ್ತಾರೆ. ಹೆಂಡತಿ, ಮಕ್ಕಳ ಸಮೇತ ಸರೋವರದ ದಂಡೆಯ ಮನೆಯಲ್ಲಿ ಉಳಿದು ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ. 2013ರ ಎರಡನೇ ಭಾಗದಲ್ಲಿ ಉಳಿದಿರುವುದು ನಾಲ್ಕೇ ಜನ. ರಾಬ್ ಶ್ನೈಡರ್ ಇಲ್ಲ. ಇದೊಂದನ್ನೇ ನೋಡಿದವರಿಗೆ ಒಬ್ಬ ಕಡಿಮೆ ಅಂತಲೂ ತಿಳಿಯುವುದಿಲ್ಲ. ನಿಮ್ಮ ಪ್ಯಾಕ್‌ನ ಚಿತ್ರದಲ್ಲಿ ಮಾತ್ರ ಐವರೂ ನಗುತ್ತಿದ್ದಾರೆ. ಮೊದಲ ಭಾಗದ ಪೋಸ್ಟರ್ ತೋರಿಸಿ ಎರಡನೆಯದನ್ನು ಮಾರುವುದು ಯಾವ ನ್ಯಾಯ?

‘ಸಿಟಿ ಸ್ಲಿಕರ್ಸ್’ ವಿಷಯದಲ್ಲಂತೂ ಹೊಟ್ಟೆ ಉರಿಯುತ್ತದೆ. 1991ರ ಮೊದಲ ಭಾಗದಲ್ಲಿ ನ್ಯೂಯಾರ್ಕಿನ ಮೂವರು ಗೆಳೆಯರು ಜೀವನ ಬೇಜಾರಾಗಿ ದನದ ಹಿಂಡನ್ನು ಹೊಡೆದುಕೊಂಡು ಹೋಗುವ ಪ್ರವಾಸಕ್ಕೆ ಹೋಗುತ್ತಾರೆ. ಅವರನ್ನು ಕರೆದೊಯ್ಯುವ ಮುದುಕ ಕರ್ಲಿ. ಮುಖ ನೋಡಿದರೇ ಹೆದರಿಕೆ. ಆ ಪಾತ್ರಕ್ಕೆ ಜ್ಯಾಕ್ ಪ್ಯಾಲೆನ್ಸ್‌ಗೆ ಆಸ್ಕರ್ ಬಂತು. ವಯಸ್ಸು ಎಪ್ಪತ್ತು ದಾಟಿದ್ದರೂ ವೇದಿಕೆಯ ಮೇಲೇ ಒಂದೇ ಕೈಯಲ್ಲಿ ದಂಡ ಹೊಡೆದು ತೋರಿಸಿದ ಪುಣ್ಯಾತ್ಮ! ಸಿನಿಮಾದಲ್ಲಿ ಕರ್ಲಿ ಅರ್ಧದಲ್ಲೇ ಸಾಯುತ್ತಾನೆ. 1994ರ ಎರಡನೇ ಭಾಗದಲ್ಲಿ ಅದೇ ನಟ ಕರ್ಲಿಯ ಅವಳಿ ತಮ್ಮನಾಗಿ ಬರುತ್ತಾನೆ. ಸತ್ತವನ ಮುಖ ಎದುರಿಗೆ ಬಂದಾಗ ನಾಯಕ ಬಿಲ್ಲಿ ಕ್ರಿಸ್ಟಲ್ ಬೆಚ್ಚಿ ಬೀಳುವುದೇ ಅಲ್ಲಿನ ತಮಾಷೆ. ಕರ್ಲಿ ಯಾರು ಅಂತಲೇ ಗೊತ್ತಿಲ್ಲದವನು ಯಾಕೆ ನಗಬೇಕು? ಮೂವರಲ್ಲಿ ಒಬ್ಬರಾದ ಬ್ರೂನೋ ಕರ್ಬಿ ಕೂಡ ಎರಡನೆಯದರಲ್ಲಿ ಇಲ್ಲ. ಆ ಜಾಗಕ್ಕೆ ನಾಯಕನ ತಮ್ಮ ಬಂದು ಕೂತಿದ್ದಾನೆ.

‘ಹ್ಯಾಂಗೋವರ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಭಾಗದಲ್ಲಿ ಲಾಸ್ ವೇಗಸ್‌ನಲ್ಲಿ ಆದ ಎಡವಟ್ಟೇ ಬ್ಯಾಂಕಾಕ್‌ನಲ್ಲೂ ಆಯಿತಲ್ಲ ಅನ್ನುವುದೇ ಎರಡನೆಯದರ ಜೋಕು. ವೇಗಸ್ ಇಲ್ಲದೆ ಬ್ಯಾಂಕಾಕ್ ಸಪ್ಪೆ. ಮೂರನೆಯದನ್ನು ನೀವು ಕಿತ್ತುಹಾಕಿದರೂ ನನ್ನ ತಕರಾರಿಲ್ಲ.

ನೋಡಿ, ಈ ಎರಡನೇ ಭಾಗಗಳು ಅಂಥ ಮಹಾ ಸಿನಿಮಾಗಳೇನಲ್ಲ. ಮೊದಲ ಸಲ ಇಷ್ಟವಾದ ಗುಂಪನ್ನು ಇನ್ನೊಮ್ಮೆ ನೋಡೋಣ ಅಂತ ಜನ ಕೂರುತ್ತಾರೆ, ಅಷ್ಟೇ. ಆ ಪರಿಚಯವನ್ನೇ ಕಿತ್ತುಕೊಂಡರೆ ಇನ್ನೇನು ಉಳಿಯಿತು?

ಪ್ರತಿ ಸಿನಿಮಾದ ಪ್ರಸಾರದ ಹಕ್ಕನ್ನು ಬೇರೆ ಬೇರೆಯಾಗಿ, ದೇಶಕ್ಕೆ ತಕ್ಕಂತೆ, ಇಷ್ಟು ದಿನಕ್ಕೆ ಅಂತ ಕೊಳ್ಳಬೇಕಾಗುತ್ತದೆ ಎಂಬುದು ನನಗೂ ಗೊತ್ತು. ಮೊದಲ ಭಾಗದ ಹಕ್ಕು ಸಿಗದೇ ಇದ್ದಿರಬಹುದು. ಅದು ತಪ್ಪಲ್ಲ. ಸಿಗದಿದ್ದರೂ ‘ಎಲ್ಲ ಭಾಗಗಳೂ’ ಅಂತ ಬರೆದು ದುಡ್ಡು ತೆಗೆದುಕೊಂಡದ್ದು ತಪ್ಪು.

ಹಾಗಾಗಿ ಮೊದಲ ಭಾಗಗಳನ್ನು ಹದಿನೈದು ದಿನದೊಳಗೆ ಪ್ಯಾಕ್‌ಗೆ ಸೇರಿಸಿ. ಆಗದಿದ್ದರೆ 349 ರೂಪಾಯಿಯನ್ನು ನನ್ನ ಬ್ಯಾಂಕ್ ಖಾತೆಗೇ ವಾಪಸ್ ಹಾಕಿ. ಆ್ಯಪ್‌ನ ವ್ಯಾಲೆಟ್‌ಗೆ ಬೇಡ, ಕೂಪನ್ನೂ ಬೇಡ. ಯಾವ ಭಾಗ ಇದೆ, ಯಾವುದು ಇಲ್ಲ ಅನ್ನುವುದನ್ನು ದುಡ್ಡು ಕಟ್ಟುವ ಪುಟದಲ್ಲೇ ಬರೆಯಿರಿ. ಆ ಪೋಸ್ಟರನ್ನಂತೂ ಇವತ್ತೇ ಬದಲಿಸಿ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಏನು ಹೇಳುತ್ತದೆ ಅಂತ ನಿಮ್ಮ ವಕೀಲರನ್ನು ಒಮ್ಮೆ ಕೇಳಿ ನೋಡಿ. ಜಾಹೀರಾತು, ಪ್ಯಾಕ್‌ನ ಪಟ್ಟಿ, ರಸೀದಿ, ಸಹಾಯವಾಣಿಯ ಉತ್ತರ, ಎಲ್ಲದರ ಸ್ಕ್ರೀನ್‌ಶಾಟ್ ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಚಂದಾದಾರ
ಮೈಸೂರು