ತಳದ ತಾಮ್ರ ನೋಡಿ ಶೀರ್ಷಿಕೆ ಬರೆಯಬೇಡಿ

ಮಾನ್ಯ ಸಂಪಾದಕರೇ,

ಹೊರದೇಶದಿಂದ ಪಾತ್ರೆ ತರಿಸುವ ಸಣ್ಣ ವ್ಯಾಪಾರಿಗಳು ಎಡವುವುದು ಹೆಚ್ಚಾಗಿ ಶೀರ್ಷಿಕೆ ಸಂಖ್ಯೆಯಲ್ಲಿ, ಅಂದರೆ ಕಸ್ಟಮ್ಸ್ ಸುಂಕಪಟ್ಟಿಯಲ್ಲಿ ಸರಕು ಯಾವ ವರ್ಗದ್ದೆಂದು ಹೇಳುವ ನಾಲ್ಕಂಕಿಯ ಸಂಖ್ಯೆಯಲ್ಲಿ. ಕಬ್ಬಿಣ, ಉಕ್ಕಿನ ಪಾತ್ರೆಗೆ 7323, ತಾಮ್ರ, ಹಿತ್ತಾಳೆಯದಕ್ಕೆ 7418, ಅಲ್ಯೂಮಿನಿಯಂಗೆ 7615. ತಳಕ್ಕೆ ತಾಮ್ರ ಕೂರಿಸಿದ ಸ್ಟೀಲ್ ಪಾತ್ರೆಯನ್ನು ಕೆಲವರು 7418 ಎಂದು ಬರೆಯುತ್ತಾರೆ. ಅದು ತಪ್ಪು. ಯಾವ ಲೋಹದ ತೂಕ ಹೆಚ್ಚೋ ಪಾತ್ರೆ ಆ ಲೋಹದ್ದು ಎನ್ನುತ್ತದೆ ಸುಂಕಪಟ್ಟಿಯ 15ನೇ ವಿಭಾಗದ 7ನೇ ಟಿಪ್ಪಣಿ. 900 ಗ್ರಾಂ ಪಾತ್ರೆಯಲ್ಲಿ 780 ಗ್ರಾಂ ಉಕ್ಕು, 120 ಗ್ರಾಂ ತಾಮ್ರವಿದ್ದರೆ ಅದು 7323ಕ್ಕೇ ಸೇರಬೇಕು. ತಯಾರಕರಿಂದ ಲೋಹವಾರು ತೂಕದ ಪತ್ರವನ್ನು ಸರಕು ಹೊರಡುವ ಮೊದಲೇ ತರಿಸಿಕೊಳ್ಳಿ.

ನೀರಿನ ಬಾಟಲಿಯದು ಇನ್ನೂ ಸೂಕ್ಷ್ಮ. ಒಂದೇ ಪದರದ ಸ್ಟೀಲ್ ಬಾಟಲಿ 7323. ಎರಡು ಪದರಗಳ ನಡುವೆ ಗಾಳಿ ತೆಗೆದ ಫ್ಲಾಸ್ಕ್ 9617. ಇನ್‌ವಾಯ್ಸ್‌ನಲ್ಲಿ ಬರೀ ‘ಸ್ಟೀಲ್ ಬಾಟಲ್’ ಎಂದಿದ್ದರೆ ಅಧಿಕಾರಿ ಪ್ರಶ್ನೆ ಕೇಳುವುದು ಸಹಜ, ಅಷ್ಟು ದಿನ ಗೋದಾಮಿನ ಬಾಡಿಗೆ ಏರುತ್ತದೆ. ಚಮಚ, ಸೌಟು 8215.

7323ರ ಮೂಲ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 10ರಿಂದ 20ಕ್ಕೆ ಏರಿತು. ಆ ದರದಲ್ಲಿ 1 ಲಕ್ಷ ರೂಪಾಯಿ ಸರಕಿಗೆ 20,000 ಸುಂಕ, ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್ 2,000. ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಲೆಕ್ಕ ಹಾಕುವುದು 1,22,000ದ ಮೇಲೆ. ಇದನ್ನು ಮರೆತೇ ಅನೇಕರು ಮಾರಾಟದ ಬೆಲೆ ಕಟ್ಟಿ ಕೈಸುಟ್ಟುಕೊಳ್ಳುತ್ತಾರೆ.

ಅನುಮಾನವಿದ್ದರೆ, ಸರಕು ಯಾವ ಶೀರ್ಷಿಕೆಗೆ ಸೇರುತ್ತದೆಂದು ಮೊದಲೇ ತಿಳಿಸುವ ಮುಂಗಡ ತೀರ್ಪಿಗೆ ಅರ್ಜಿ ಹಾಕಲು ಕಸ್ಟಮ್ಸ್ ಕಾಯ್ದೆಯಲ್ಲೇ ಅವಕಾಶವಿದೆ. ಈ ಶೀರ್ಷಿಕೆಗಳನ್ನು ಚಿತ್ರಸಹಿತ ಕನ್ನಡದಲ್ಲಿ ಅಚ್ಚುಹಾಕಿಸಿ ವ್ಯಾಪಾರಿ ಸಂಘಗಳಿಗೆ ಹಂಚಬೇಕೆಂದು ಕಸ್ಟಮ್ಸ್ ಇಲಾಖೆಯನ್ನು ಕೋರುತ್ತೇವೆ.

– ಆಮದು ದಾಖಲೆ ಸಲಹೆಗಾರರು, ಬೆಂಗಳೂರು