ಭಾನುವಾರದ ಮಾತುಕತೆ: ಲೈಬೀರಿಯಾದ ಹೆಂಗಸರು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಪಶ್ಚಿಮ ಆಫ್ರಿಕಾದ ಲೈಬೀರಿಯಾ ಬಗ್ಗೆ ಮಾತಾಡೋಣ. 1989ರಲ್ಲಿ ಹೊತ್ತಿಕೊಂಡ ಅಂತರ್ಯುದ್ಧ, ನಡುವೆ ಒಂದಿಷ್ಟು ಬಿಡುವು ಕೊಟ್ಟು, 2003ರವರೆಗೂ ಆ ದೇಶವನ್ನು ಸುಟ್ಟಿತು. ಚಿಕ್ಕ ಹುಡುಗರ ಕೈಗೂ ಬಂದೂಕು ಬಂದಿತ್ತು.

ಆಗ ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆ ಹತ್ತಿರದ ಬಯಲಲ್ಲಿ, ಯುದ್ಧ ನಿಲ್ಲಲಿ ಅಂತ ಬಿಳಿ ಟೀ ಶರ್ಟ್ ತೊಟ್ಟ ಹೆಂಗಸರು ಬಂದು ಕೂತರು. ಕ್ರೈಸ್ತರು, ಮುಸ್ಲಿಮರು ಒಟ್ಟಿಗೇ. ಬಿಸಿಲಾಗಲಿ ಮಳೆಯಾಗಲಿ ಜಗ್ಗಲಿಲ್ಲ. ಘಾನಾ ದೇಶದ ಅಕ್ರಾದಲ್ಲಿ ಶಾಂತಿ ಮಾತುಕತೆ ಸುಮ್ನೆ ಎಳೆದಾಡಿದಾಗ, ಈ ಹೆಂಗಸರ ಮುಂದಾಳು ಲೇಮಾ ಬೋವಿ ಮತ್ತು ಜೊತೆಗಾರ್ತಿಯರು ಸಭಾಂಗಣದ ಬಾಗಿಲಿಗೇ ಅಡ್ಡ ಕೂತುಬಿಟ್ಟರು. ಒಳಗಿದ್ದವರನ್ನು ಹೊರಗೆ ಬಿಡಲಿಲ್ಲ. 2003ರ ಆಗಸ್ಟ್ 18ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ದಯವಿಟ್ಟು ಗಾಯಗೊಂಡವರ ಫೋಟೋ ಇಲ್ಲಿ ಹಾಕಬೇಡಿ, ಗುಂಪಿನಲ್ಲಿ ಮಕ್ಕಳೂ ಇದ್ದಾರೆ. ಪ್ರಶ್ನೆಗಳಿದ್ದರೆ ಶನಿವಾರದೊಳಗೆ ಬರೆದು ಹಾಕಿ.