ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ: ಸರ್ಪಸುತ್ತಿಗೆ ಬೇಕಾದ್ದು 35 ಮಾತ್ರೆ, ಅದೂ ಮೂರು ದಿನದೊಳಗೆ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಕುಮಟಾ ತಾಲೂಕಿನ ಒಂದು ಹಳ್ಳಿಯಲ್ಲಿ ಬ್ಲೌಸು, ಚೂಡಿದಾರ ಹೊಲಿಯುವವಳು. ವಯಸ್ಸು 56. ಮನೆಯ ಜಗುಲಿಯೇ ಅಂಗಡಿ, ಎರಡು ಮಿಷನ್ ಇವೆ. ಇದುವರೆಗೆ ಯಾವ ಮಂತ್ರಿಗೂ ಪತ್ರ ಬರೆದವಳಲ್ಲ. ಈಗ ಬರೆಯುತ್ತಿರುವುದು ಸರ್ಪಸುತ್ತಿನ ಬಗ್ಗೆ. ನಿಮ್ಮ ಇಲಾಖೆಗೆ ಇದು ಸಣ್ಣ ಕಾಯಿಲೆ ಅನ್ನಿಸಬಹುದು, ಆದರೆ ದಯವಿಟ್ಟು ಪೂರ್ತಿ ಓದಿ.

ಕಳೆದ ಶ್ರಾವಣದಲ್ಲಿ, ಚೌತಿಗೆ ಇನ್ನು ಇಪ್ಪತ್ತು ದಿನ ಇದೆ ಅನ್ನುವಾಗ ನನಗೆ ಇದು ಶುರುವಾಯಿತು. ನಮ್ಮ ಕಡೆ ಚೌತಿ ಅಂದ್ರೆ ಮುಂಬೈ, ಬೆಂಗಳೂರಲ್ಲಿ ಇದ್ದವರೆಲ್ಲ ಊರಿಗೆ ಬರುವ ಹಬ್ಬ, ಮನೆಮನೆಗೂ ಹೊಸ ಸೀರೆ, ಹೊಸ ಬ್ಲೌಸು. ನನ್ನ ವರ್ಷದ ದುಡಿಮೆಯಲ್ಲಿ ದೊಡ್ಡ ಪಾಲು ಆ ಒಂದು ತಿಂಗಳಲ್ಲೇ ಬರುತ್ತದೆ. ಒಳಗಿನ ಕೋಣೆಯಲ್ಲಿ ಅರವತ್ತಕ್ಕೂ ಜಾಸ್ತಿ ಬಟ್ಟೆ ಚೀಟಿ ಹಚ್ಚಿ ಇಟ್ಟಿದ್ದೆ.

ಮೊದಲು ಬಂದದ್ದು ಬೊಕ್ಕೆ ಅಲ್ಲ, ಉರಿ. ಬಲಗಡೆ ಬೆನ್ನಿನಿಂದ ಎದೆಯ ಕೆಳಗಿನವರೆಗೆ, ಕಾದ ತಂತಿ ಎಳೆದ ಹಾಗೆ. ಇಡೀ ದಿನ ಬಗ್ಗಿ ಹೊಲಿಯುತ್ತೇನಲ್ಲ, ಅದಕ್ಕೇ ಇರಬೇಕು ಅಂದುಕೊಂಡು ಮುಲಾಮು ಹಚ್ಚಿದೆ. ಮರುದಿನ ವಾಯು ಇರಬಹುದು ಅಂತ ಜೀರಿಗೆ ಕಷಾಯ ಕುಡಿದೆ. ಮೂರನೇ ದಿನ ಬೆಳಿಗ್ಗೆ ಸ್ನಾನ ಮಾಡುವಾಗ, ಸಾಬೂನು ಹಚ್ಚಿದ ಕೈಗೆ ರವೆ ಸಿಕ್ಕಿದ ಹಾಗಾಯಿತು. ಸಂಜೆಯೊಳಗೆ ಆ ರವೆಯೆಲ್ಲ ನೀರು ತುಂಬಿದ ಬೊಕ್ಕೆ. ಗಿರಾಕಿಗಳ ಎದೆ ಸುತ್ತಿಗೆ ಟೇಪು ಹಿಡಿಯುತ್ತೇನಲ್ಲ, ಸರಿಯಾಗಿ ಅದೇ ದಾರಿಯಲ್ಲಿ, ಬೆನ್ನುಮೂಳೆಯಿಂದ ಎದೆಯ ನಡುವಿನವರೆಗೆ. ಬಲಗಡೆ ಮಾತ್ರ. ಅರ್ಧ ಅಳತೆ.

ನಮ್ಮ ಅತ್ತೆ ನೋಡಿದವರೇ, "ಇದು ಸರ್ಪಸುತ್ತು, ತಲೆ ಬಾಲ ಕೂಡಿದ್ರೆ ಜೀವ ಉಳಿಯೂದಿಲ್ಲ" ಅಂದರು. ಸಚಿವರೇ, ಈ ಮಾತು ನಮ್ಮ ಕರಾವಳಿಯಲ್ಲೂ ಇದೆ, ಘಟ್ಟದ ಮೇಲೆ ಸಿರ್ಸಿ ಕಡೆಯೂ ಇದೆ. ನಾನೂ ನಂಬಿದೆ. ಎರಡು ಕನ್ನಡಿ ಹಿಡಿದು ಬೆನ್ನು ನೋಡಿಕೊಳ್ಳುತ್ತಿದ್ದೆ, ಎಡಕ್ಕೆ ದಾಟಿತಾ, ದಾಟಿತಾ ಅಂತ. ನಾಗರಕಟ್ಟೆಗೆ ಹಣ್ಣುಕಾಯಿ ಮಾಡಿಸಿದೆವು. ಮೀನು ನಂಜು, ಬದನೆಕಾಯಿ ನಂಜು ಅಂತ ಬರೀ ಗಂಜಿಯಲ್ಲಿ ದಿನ ಕಳೆದೆ. ಪಕ್ಕದ ಊರಿನಲ್ಲಿ ಮದ್ದು ಕೊಡುವ ಅಜ್ಜ ಒಬ್ಬರಿದ್ದಾರೆ, ಅವರ ಹತ್ತಿರ ಹೋದೆವು. ಅವರು ಕೆಮ್ಮಣ್ಣು ಅರೆದು ಬೊಕ್ಕೆಯ ಸುತ್ತಲೂ ದಪ್ಪಗೆ ಬಳಿದರು. ನಾಲ್ಕು ದಿನ ಹೀಗೇ ನಡೆಯಿತು.

ಆ ಅಜ್ಜನ ಮೇಲೆ ನನಗೆ ಸಿಟ್ಟಿಲ್ಲ. ಎಲೆ ಅಡಿಕೆ, ಒಂದು ತೆಂಗಿನಕಾಯಿ ಬಿಟ್ಟರೆ ಒಂದು ರೂಪಾಯಿ ಮುಟ್ಟಲಿಲ್ಲ ಅವರು. ಮಳೆಯಲ್ಲಿ ಬಂದೆ ಅಂತ ಚಾ ಮಾಡಿಸಿ ಕೊಟ್ಟರು. ಆದರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ಅದರ ಜೊತೆ ಬೊಕ್ಕೆಯೂ ಒಡೆಯಿತು, ಎರಡು ಕಡೆ ಕೀವಾಯಿತು. ಐದನೇ ದಿನ ಜ್ವರ. ಆಗ ನಮ್ಮ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋದರೆ ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಆರನೇ ದಿನ ಸಿಕ್ಕರು. ಸಿಸ್ಟರ್ ಒಬ್ಬರು ಉಗುರು ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಅದ್ದಿ, ಆ ಒಣ ಮಣ್ಣನ್ನು ಚೂರು ಚೂರೇ ನೆನೆಸಿ ತೆಗೆದರು. ಮುಕ್ಕಾಲು ಗಂಟೆ ಹಿಡಿಯಿತು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ಅವಸರ ಮಾಡಲಿಲ್ಲ. ನಾನು ಕೇಂದ್ರದ ಹೆಸರು ಬರೆಯದೇ ಇರುವುದಕ್ಕೆ ಇದೂ ಒಂದು ಕಾರಣ.

ಡಾಕ್ಟರು ಅವತ್ತು ಹೇಳಿದ್ದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಚಿಕ್ಕಂದಿನಲ್ಲಿ ನಮಗೆ ಅಮ್ಮ ಬರುತ್ತದಲ್ಲ, ಅವರು ಚಿಕನ್‌ಪಾಕ್ಸ್ ಅನ್ನುತ್ತಾರೆ, ಅದರ ವೈರಸ್ ಮೈಯಿಂದ ಹೋಗುವುದೇ ಇಲ್ಲವಂತೆ. ಬೆನ್ನುಮೂಳೆಯ ಪಕ್ಕ, ನರದ ಬುಡದಲ್ಲಿ ಸುಮ್ನೆ ಮಲಗಿರುತ್ತದೆ. ವಯಸ್ಸಾದಾಗ, ಇಲ್ಲವೇ ಬೇರೆ ಯಾವುದೋ ಕಾಯಿಲೆಗೆ ಮೈಯ ಶಕ್ತಿ ಕುಗ್ಗಿದಾಗ ಎದ್ದು, ಅದೇ ನರ ಹಿಡಿದು ಚರ್ಮಕ್ಕೆ ಬರುತ್ತದೆ. ಒಂದೊಂದು ನರವೂ ಮೈಯ ಒಂದೇ ಪಕ್ಕಕ್ಕೆ ಹೋಗುವುದು, ನಡುಗೆರೆ ದಾಟುವುದಿಲ್ಲ. ಅದಕ್ಕೇ ಬೊಕ್ಕೆ ಅರ್ಧ ಪಟ್ಟಿಯಾಗಿ ನಿಲ್ಲುತ್ತದೆ. ತಲೆ ಬಾಲ ಕೂಡಿ ಜೀವ ಹೋಗುತ್ತದೆ ಅನ್ನುವ ಮಾತೇ ಸುಳ್ಳು. ನಾನು ಅಲ್ಲೇ ಅತ್ತುಬಿಟ್ಟೆ. ಆರು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಹೆದರಿಕೆ ಅದು.

ಆಮೇಲೆ ಅವರು ಹೇಳಿದ್ದು ಇನ್ನೊಂದು ಮಾತು. ಈ ವೈರಸ್ಸಿಗೆ ಮಾತ್ರೆ ಇದೆ, ಅಸೈಕ್ಲೋವಿರ್ ಅಂತ. ಬೊಕ್ಕೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯ ಗುಣ. 800 ಮಿಲಿಗ್ರಾಮಿನ ಮಾತ್ರೆ, ದಿನಕ್ಕೆ ಐದು, ಏಳು ದಿನ. ಲೆಕ್ಕ ಹಾಕಿ, 35 ಮಾತ್ರೆ. "ಮೂರು ದಿನದೊಳಗೆ ಬಂದಿದ್ರೆ ಚೆನ್ನಾಗಿತ್ತು ಅಕ್ಕಾ, ಆದರೂ ಹೊಸ ಬೊಕ್ಕೆ ಏಳ್ತಾ ಇದೆ, ತಗೊಳ್ಳಿ" ಅಂದರು. ಕಿಡ್ನಿ ತೊಂದರೆ ಇದೆಯಾ ಕೇಳಿದರು, ನೀರು ಜಾಸ್ತಿ ಕುಡಿಯಿರಿ ಅಂದರು. ಚೀಟಿ ಹಿಡಿದು ಔಷಧಿ ಕೊಡುವ ಕಿಟಕಿಗೆ ಹೋದರೆ ಆ ಮಾತ್ರೆ ಇರಲಿಲ್ಲ. ಮುಲಾಮಿನ ಟ್ಯೂಬು ಇತ್ತು, ಮಾತ್ರೆ ಇಲ್ಲ. ಸುರಿಯುವ ಮಳೆಯಲ್ಲಿ ಬಸ್ಸು ಹತ್ತಿ ಪೇಟೆಗೆ ಹೋದೆ. ಮೊದಲ ಮೆಡಿಕಲ್ಲಿನಲ್ಲಿ ಹತ್ತೇ ಇತ್ತು, ಎರಡನೆಯದರಲ್ಲಿ 400ರದ್ದು ಇತ್ತು, ಎರಡೆರಡು ತಗೊಳ್ಳಿ ಅಂದರು. ಬಸ್ಸಿನ ಸೀಟಿಗೆ ಬೆನ್ನು ತಾಗಿಸಲಾಗದೆ, ಮುಂದಿನ ಸೀಟಿನ ಕಂಬಿ ಹಿಡಿದು ಬಗ್ಗಿ ಕೂತು ಮನೆಗೆ ಬಂದೆ.

ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ. ಎರಡು ಮೂರು ವಾರದಲ್ಲಿ ಬೊಕ್ಕೆ ಒಣಗಿ ಹಕ್ಕಳೆ ಉದುರಿತು. ಎಲ್ಲರೂ ಗುಣ ಆಯ್ತಲ್ಲ ಅಂದರು.

ಗುಣ ಆಗಿರಲಿಲ್ಲ. ಚರ್ಮ ಮಾಯಿತು, ನರ ಮಾಯಲಿಲ್ಲ. ಇದನ್ನು ಹೇಗೆ ಬರೆಯುವುದು ಅಂತ ನನಗೆ ಈಗಲೂ ತಿಳಿಯುವುದಿಲ್ಲ. ಫ್ಯಾನಿನ ಗಾಳಿ ಬಡಿದರೆ ಉರಿ. ಸೀರೆಯ ಸೆರಗು ಜಾರಿ ಬೆನ್ನಿಗೆ ತಾಗಿದರೆ ಬ್ಲೇಡು ಎಳೆದ ಹಾಗೆ. ಮೂವತ್ತು ವರ್ಷದಿಂದ ಊರ ಹೆಂಗಸರಿಗೆಲ್ಲ ಬ್ಲೌಸು ಹೊಲಿದವಳು ನಾನು, ನನಗೇ ಬ್ಲೌಸು ಹಾಕಿಕೊಳ್ಳಲು ಆಗಲಿಲ್ಲ. ನಮ್ಮ ಮನೆಯವರ ಹಳೆಯ ಪಂಚೆ ಇತ್ತು, ತೊಳೆದು ತೊಳೆದು ಬೆಣ್ಣೆಯ ಹಾಗೆ ಆದದ್ದು. ಅದನ್ನೇ ಸುತ್ತಿಕೊಂಡು, ಎಡಮಗ್ಗುಲಲ್ಲೇ ಮಲಗಿ ನಾಲ್ಕು ತಿಂಗಳು ಕಳೆದೆ. ಮೂರು ತಿಂಗಳು ದಾಟಿಯೂ ಉಳಿಯುವ ಇಂಥ ನೋವಿಗೆ ಡಾಕ್ಟರುಗಳಲ್ಲಿ ಬೇರೆಯೇ ಹೆಸರಿದೆ, ಬೇರೆಯೇ ಮಾತ್ರೆ ಇದೆ. ಪ್ರೆಗಾಬಲಿನ್ ಕೊಟ್ಟರು. ಅದರಿಂದ ನಿದ್ದೆ ಬಂತು, ಆದರೆ ಬೆಳಿಗ್ಗೆ ಹನ್ನೊಂದರ ತನಕ ತಲೆ ತೂಗುವುದು, ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಅರವತ್ತರಲ್ಲಿ ನಲವತ್ತೊಂದು ಬ್ಲೌಸು ವಾಪಸ್ ಕೊಟ್ಟೆ, ಹಬ್ಬದ ಎದುರಿಗೆ. ಕೆಲವರು ಏನೂ ಅನ್ನಲಿಲ್ಲ, ಕೆಲವರು ಮುಖ ತಿರುಗಿಸಿದರು, ಅವರದ್ದೂ ತಪ್ಪಲ್ಲ ಬಿಡಿ. ಸುಗ್ಗಿ ಕುಣಿತದವರು ಮನೆಯಂಗಳಕ್ಕೆ ಬಂದ ದಿನ ನಾನು ಮೊದಲ ಸಲ ಸರಿಯಾಗಿ ಸೀರೆ ಉಟ್ಟು ಹೊರಗೆ ನಿಂತದ್ದು. ಶ್ರಾವಣದಿಂದ ಫಾಲ್ಗುಣ, ಲೆಕ್ಕ ನೀವೇ ಹಾಕಿ. ಈಗಲೂ ಬೆನ್ನಲ್ಲಿ ಹಳೆ ರೂಪಾಯಿ ನಾಣ್ಯದಷ್ಟು ಜಾಗ ಮುಟ್ಟಿದರೆ ಜುಮ್ಮೆನ್ನುತ್ತದೆ.

ಬೇಗ ಮಾತ್ರೆ ತಗೊಂಡಿದ್ದರೆ ಈ ನೋವು ಬರುತ್ತಲೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ, ಡಾಕ್ಟರೂ ಹಾಗೆ ಹೇಳಲಿಲ್ಲ. ಬೊಕ್ಕೆ ಬೇಗ ಒಣಗುತ್ತಿತ್ತು, ಆ ಮೊದಲ ವಾರಗಳ ನೋವು ಕಡಿಮೆ ಇರುತ್ತಿತ್ತು, ಮಣ್ಣು ಬಳಿಯದೇ ಇದ್ದಿದ್ದರೆ ಕೀವೂ ಆಗುತ್ತಿರಲಿಲ್ಲವೇನೋ. ನನ್ನಂಥವಳಿಗೆ ಅಷ್ಟೇ ಸಾಕಿತ್ತು.

ಇನ್ನೊಬ್ಬರ ಕತೆ ಹೇಳುತ್ತೇನೆ. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಬೋಟಿನ ಕೆಲಸದವರು. ಅವರಿಗೆ ಬೊಕ್ಕೆ ಎದ್ದದ್ದು ಹಣೆಯ ಮೇಲೆ, ರೆಪ್ಪೆಯ ಮೇಲೆ, ಮೂಗಿನ ತುದಿಯಲ್ಲಿ. ಅವರೂ ಮೊದಲು ಮಣ್ಣೇ ಹಚ್ಚಿಸಿಕೊಂಡಿದ್ದರು. ಮೂಗಿನ ತುದಿಗೆ ಬೊಕ್ಕೆ ಬಂತು ಅಂದ್ರೆ ಕಣ್ಣಿಗೂ ಇಳಿಯುವ ಅಪಾಯ ಜಾಸ್ತಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕಂತೆ. ಅವರಿಗೆ ಅದು ಯಾರೂ ಹೇಳಿರಲಿಲ್ಲ. ಈಗ ಆ ಕಣ್ಣಿಗೆ ಮಂಜು ಮುಸುಕಿದ ಹಾಗೆ ಕಾಣುತ್ತದಂತೆ. ದೋಣಿಯಲ್ಲಿ ರಾತ್ರಿ ಕೆಲಸ ಮಾಡುವವರು ಅವರು.

ಹಾಗೇ ತಪ್ಪು ಹೆದರಿಕೆಯೂ ಬೇಕಾದಷ್ಟಿದೆ. ಚೌತಿಗೆ ಬಂದ ಮಗಳು ಏಳು ತಿಂಗಳ ಬಸುರಿ. ಅವಳನ್ನು ನನ್ನ ಕೋಣೆಗೆ ಬಿಡಲಿಲ್ಲ, ನನ್ನ ತಟ್ಟೆ ಲೋಟ ಬೇರೆ ಇಟ್ಟರು. ಮುಟ್ಟಿದರೆ ಸರ್ಪಸುತ್ತು ಅಂಟುವುದಿಲ್ಲ. ಅಮ್ಮ ಬಾರದೇ ಇದ್ದವರಿಗೆ ಬೊಕ್ಕೆಯ ನೀರು ತಾಗಿದರೆ ಚಿಕನ್‌ಪಾಕ್ಸ್ ಬರಬಹುದು, ಬಸುರಿಯರಿಗೆ ಅದು ಅಪಾಯ, ಅದಕ್ಕೇ ಬೊಕ್ಕೆ ಮುಚ್ಚಿಡಬೇಕು. ಮಗಳಿಗೆ ನಾಲ್ಕನೇ ಕ್ಲಾಸಿನಲ್ಲೇ ಅಮ್ಮ ಬಂದು ಹೋಗಿತ್ತು. ಇಷ್ಟು ತಿಳಿದಿದ್ದರೆ ಆ ಹತ್ತು ದಿನ ಅವಳು ಬಾಗಿಲಲ್ಲಿ ನಿಂತು ಅಳಬೇಕಿರಲಿಲ್ಲ, ಅಲ್ವಾ?

ಸಚಿವರೇ, ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ನಿಮಗೆ ಗೊತ್ತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಹೊರಟ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಮಗುಚಿ ನಾಲ್ಕು ಜೀವ ಹೋಯಿತು, ಆ ವಿಡಿಯೋ ನೋಡಿದ ಯಾರೂ ಇಲ್ಲಿ ಮರೆತಿಲ್ಲ. ಆ ಬೇಡಿಕೆ ಹಾಗೇ ಇರಲಿ, ಅದು ಆಗಲೇಬೇಕು. ಆದರೆ ನಾನು ಇವತ್ತು ಕೇಳುವುದು ಅದಲ್ಲ. ಸರ್ಪಸುತ್ತಿಗೆ ಹೆಚ್ಚಿನವರು ಮಣಿಪಾಲಕ್ಕೂ ಹೋಗಬೇಕಿಲ್ಲ, ಹುಬ್ಬಳ್ಳಿಗೂ ಹೋಗಬೇಕಿಲ್ಲ. ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲಿ 35 ಮಾತ್ರೆ ಇದ್ದರೆ ಸಾಕು. ಅಸೈಕ್ಲೋವಿರ್ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ, ಹೊಸದೂ ಅಲ್ಲ, ಭಾರೀ ದುಬಾರಿಯೂ ಅಲ್ಲ. 800ರ ಮಾತ್ರೆ ಪ್ರತಿ ಕೇಂದ್ರದಲ್ಲೂ ಕಡಿಮೆ ಅಂದ್ರೆ ಇಬ್ಬರಿಗೆ ಆಗುವಷ್ಟು ಯಾವಾಗಲೂ ಇರಲಿ. ಜೋಯಿಡಾದಂಥ ಕಾಡಿನ ತಾಲೂಕಿನಲ್ಲಿ ಬಸ್ಸಿಗೆ ಕಾಯುವುದರಲ್ಲೇ ಒಂದು ದಿನ ಹೋಗುತ್ತದೆ, ಅಲ್ಲಿ ಇನ್ನೂ ಜಾಸ್ತಿ ಇರಲಿ.

ಮಾತ್ರೆ ಇದ್ದರೂ ಜನ ಬರಬೇಕಲ್ಲ. ಬಿಪಿ, ಶುಗರ್ ನೋಡಲು ಆಶಾ ಕಾರ್ಯಕರ್ತೆಯರು ಮನೆಮನೆಗೆ ಬರುತ್ತಾರೆ. ಮೈಯ ಒಂದೇ ಪಕ್ಕ ಉರಿ, ಆಮೇಲೆ ಪಟ್ಟಿಯಾಗಿ ಬೊಕ್ಕೆ, ಇಷ್ಟು ಗುರುತು ಹಿಡಿಯಲು ಅವರಿಗೆ ಒಂದು ದಿನ ಕಲಿಸಿ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಅಲ್ಲಿನ ಚರ್ಮದ ಡಾಕ್ಟರುಗಳೇ ಬಂದು ಹೇಳಿಕೊಡಬಹುದು. ಮಣ್ಣು ಹಚ್ಚುವ ಅಜ್ಜಂದಿರನ್ನೂ ಕರೆಯಿರಿ. ಬೈಯಲು ಬೇಡ, ಕೂರಿಸಿ ಮಾತಾಡಲು. ನಮ್ಮ ಜನ ಮೊದಲು ಹೋಗುವುದೇ ಅವರ ಹತ್ತಿರ, ಇನ್ನು ಮುಂದೆಯೂ ಹೋಗುತ್ತಾರೆ. "ನಾಗನಿಗೆ ಕೈ ಮುಗಿ, ಬೊಕ್ಕೆಯ ಮೇಲೆ ಏನೂ ಬಳಿಯಬೇಡ, ಇವತ್ತೇ ಡಾಕ್ಟರ ಹತ್ತಿರ ಹೋಗು" ಅಂತ ಆ ಅಜ್ಜ ಒಂದು ಮಾತು ಹೇಳಿದ್ದರೆ ನಾನು ಮೊದಲ ದಿನವೇ ಹೋಗುತ್ತಿದ್ದೆ. ನಿಮ್ಮ ಹತ್ತು ಪೋಸ್ಟರಿಗಿಂತ ಅವರ ಬಾಯಿಯ ಒಂದು ಮಾತನ್ನು ನಮ್ಮ ಕೇರಿಯವರು ನಂಬುತ್ತಾರೆ.

ಲಸಿಕೆಯ ವಿಷಯವೂ ಇದೆ. 50 ದಾಟಿದವರಿಗೆ ಅಂತ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ, ಎರಡು ಡೋಸು. ಆದರೆ ಅದರ ಬೆಲೆ ನನ್ನಂಥವಳ ತಿಂಗಳುಗಟ್ಟಲೆ ದುಡಿಮೆ. ಎಲ್ಲರಿಗೂ ಪುಕ್ಕಟೆ ಕೊಡಿ ಅಂತ ನಾಳೆಯೇ ಕೇಳುವುದಿಲ್ಲ. ಬಡ ಮುದುಕರಿಗೆ ಎಷ್ಟಾದರೂ ನೆರವಿಗೆ ದಾರಿ ಇದೆಯಾ ಅಂತ ನಿಮ್ಮ ಅಧಿಕಾರಿಗಳನ್ನು ಕೇಳಿ ನೋಡಿ.

ಈ ಶ್ರಾವಣಕ್ಕೆ ಇನ್ನು ಕೆಲವೇ ತಿಂಗಳಿದೆ. ನನ್ನ ಅಂಗಡಿಯಲ್ಲಿ ಕನ್ನಡಿಯ ಪಕ್ಕ ನಾನೇ ಒಂದು ರಟ್ಟು ಬರೆದು ತೂಗುಹಾಕಿದ್ದೇನೆ: "ಒಂದೇ ಪಕ್ಕ ಉರಿ, ಬೊಕ್ಕೆ ಬಂದರೆ ಮಣ್ಣು ಹಚ್ಚಬೇಡಿ, ಮೂರು ದಿನದೊಳಗೆ ಡಾಕ್ಟರಿಗೆ ತೋರಿಸಿ. ಹಣೆಗೆ, ಮೂಗಿಗೆ ಬಂದರೆ ಅವತ್ತೇ ಹೋಗಿ." ಅಳತೆ ಕೊಡಲು ಬಂದವರೆಲ್ಲ ಓದುತ್ತಾರೆ. ಹೋದ ತಿಂಗಳು ಒಬ್ಬಳು ಓದಿ, ಅವಳ ಅಪ್ಪನನ್ನು ಎರಡನೇ ದಿನವೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅವರಿಗೂ ಅಲ್ಲಿ ಮಾತ್ರೆ ಇರಲಿಲ್ಲ, ಪೇಟೆಗೆ ಹೋಗಿ ತಂದರು.

ಇತಿ,
ಕುಮಟಾ ತಾಲೂಕಿನ ಒಬ್ಬ ಟೇಲರ್